ಬೆಟ್ಟದ ರಸ್ತೆಯಲ್ಲಿ ಆನೆ, ಕಾಟಿ ಎದುರಾದ್ರೆ ಏನ್ಮಾಡ್ಬೇಕು? ಗಾಡಿ ಓಡಿಸೋರು ಓದಿಟ್ಟುಕೊಳ್ಳಿ

ಚಾಮರಾಜನಗರ: ನಮ್ಮ ಜಿಲ್ಲೆಯಿಂದ ಊಟಿ, ಸುಲ್ತಾನ್ ಬತ್ತೇರಿ, ಸತ್ಯಮಂಗಲ, ಯಾವ ಕಡೆ ಹೊರಟರೂ ಕಾಡು ದಾಟಲೇಬೇಕು. ಬಿಳಿಗಿರಿರಂಗನ ಬೆಟ್ಟಕ್ಕೂ ಮಾದಪ್ಪನ ಬೆಟ್ಟಕ್ಕೂ ಇದೇ ಮಾತು. ತರಕಾರಿ, ಬಾಳೆಗೊನೆ, ಕಬ್ಬು ಹೇರಿಕೊಂಡು ದಿನಾ ಓಡಾಡುವವರಿಗೆ ಪ್ರಾಣಿ ಕಾಣೋದು ಹೊಸದೇನಲ್ಲ. ಆದ್ರೆ ಅಪಾಯ ಬರೋದು ಹೆಚ್ಚಾಗಿ ಪ್ರಾಣಿ ಕಂಡ ಮೊದಲ ಒಂದು ನಿಮಿಷದಲ್ಲಿ ನಾವು ಏನು ಮಾಡ್ತೀವಿ ಅನ್ನೋದರ ಮೇಲೆ.

ಮೊದಲು ಸಮಯ ನೋಡಿಕೊಳ್ಳಿ

ಬಂಡೀಪುರದ ಮೂಲಕ ಹೋಗುವ ಕೇರಳ ರಸ್ತೆ (ರಾ.ಹೆ. 766) ಮತ್ತು ಊಟಿ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. 2009ರಲ್ಲಿ ಬಂದ ಈ ನಿಷೇಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆಂಬುಲೆನ್ಸ್ ಹಾಗೂ ಬೆರಳೆಣಿಕೆಯ ಸರ್ಕಾರಿ ಬಸ್‌ಗಳಿಗೆ ಮಾತ್ರ ವಿನಾಯಿತಿ. ರಾತ್ರಿಯೇ ವಯನಾಡಿಗೆ ಹೋಗಬೇಕಾದವರಿಗೆ ಹುಣಸೂರು–ಗೋಣಿಕೊಪ್ಪ–ಕುಟ್ಟ ಮಾರ್ಗ ಇದೆ.

27 ತಿರುವುಗಳ ದಿಂಬಂ ಘಾಟಿಯಲ್ಲೂ 2022ರಿಂದ ರಾತ್ರಿ ನಿರ್ಬಂಧ ಇದೆ. ದೊಡ್ಡ ಲಾರಿಗೆ ಒಂದು ನಿಯಮ, ಕಾರಿಗೆ ಇನ್ನೊಂದು. ಲೋಡ್ ಹತ್ತಿಸುವ ಮೊದಲೇ ಪುಣಜನೂರು ಚೆಕ್‌ಪೋಸ್ಟ್‌ನಲ್ಲಿ ವಿಚಾರಿಸಿಕೊಳ್ಳಿ.

ಗೇಟ್ ಹಾಕೋಕೆ ಮುಂಚೆ ದಾಟಿಬಿಡಬೇಕು ಅಂತ ಎಕ್ಸಲೇಟರ್ ಒತ್ತೋದೇ ದೊಡ್ಡ ತಪ್ಪು. ಪ್ರಾಣಿಗಳು ನೀರಿಗೆ, ಮೇವಿಗೆ ಹೊರಡೋದೂ ಆ ಮುಸ್ಸಂಜೆ ಹೊತ್ತಿನಲ್ಲೇ. 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತೆ. ತಿರುವಿನಾಚೆ ಏನಿದೆ ಅಂತ ಕಾಣದ ಕಡೆ 30 ಕೂಡ ಜಾಸ್ತಿಯೇ.

ಆನೆ ಎದುರಾದ್ರೆ

ದೂರದಲ್ಲೇ ಗಾಡಿ ನಿಲ್ಲಿಸಿ. ಹಾರ್ನ್ ಹೊಡೀಬೇಡಿ, ಲೈಟ್ ಡಿಮ್ ಮಾಡಿ. ಇಂಜಿನ್ ಆಫ್ ಮಾಡ್ಬೇಡಿ, ಆದ್ರೆ ರೇಸ್ ಕೊಡಬೇಡಿ. ಆನೆ ತಾನಾಗಿ ದಾಟಿಹೋಗಲು ಜಾಗ ಬಿಡಿ. ಒಂದು ದಾಟಿತು ಅಂತ ತಕ್ಷಣ ಮುಂದೆ ನುಗ್ಗಬೇಡಿ, ಹಿಂದೆ ಮರಿ ಇರಬಹುದು. ತಾಯಿಗೂ ಮರಿಗೂ ನಡುವೆ ಗಾಡಿ ಸಿಕ್ಕಿಕೊಂಡ್ರೆ ಕಷ್ಟ.

ಕಿವಿ ಅಗಲಿಸಿ ನಿಮ್ಮ ಕಡೆಗೇ ನೋಡ್ತಾ ನಿಂತರೆ, ಸೊಂಡಿಲು ಒಳಕ್ಕೆ ಸುರುಳಿ ಮಾಡಿದ್ರೆ, ಬಾಲ ನೆಟ್ಟಗಾದ್ರೆ ಅದು ಎಚ್ಚರಿಕೆ. ಗಂಡಾನೆಯ ಕಣ್ಣು ಮತ್ತು ಕಿವಿಯ ನಡುವೆ ಒದ್ದೆ ಪಟ್ಟೆ ಇಳಿದಿದ್ದರೆ ಮದ ಬಂದಿದೆ ಅಂತ ಅರ್ಥ. ಅಂಥದ್ದು ಕಂಡ್ರೆ ನಿಧಾನಕ್ಕೆ ರಿವರ್ಸ್ ಬನ್ನಿ.

ಇಲ್ಲೇ ಘಾಟಿಯ ತೊಂದರೆ ಇರೋದು. ಹಿಂದಿನ ಗಾಡಿ ಬಂಪರ್‌ಗೆ ಅಂಟಿಕೊಂಡು ನಿಂತಿದ್ರೆ ಮುಂದಿನವನಿಗೆ ರಿವರ್ಸ್ ಬರೋಕೆ ಜಾಗವೇ ಇರಲ್ಲ. ಆದ್ದರಿಂದ ಮುಂದೆ ಸಾಲು ನಿಂತಿರೋದು ಕಂಡ್ರೆ ಎರಡು ಲಾರಿಯಷ್ಟು ಜಾಗ ಬಿಟ್ಟು ನಿಲ್ಲಿಸಿ. ಓವರ್‌ಟೇಕ್ ಮಾಡಿ ಬಲಕ್ಕೆ ನುಗ್ಗಿದ್ರೆ ಎರಡೂ ಕಡೆಯ ದಾರಿ ಮುಚ್ಚಿಹೋಗುತ್ತೆ.

ಬೈಕ್‌ನವರು ಒಂಟಿಯಾಗಿ ಮುಂದೆ ಹೋಗಬೇಡಿ. ಬಸ್ಸೋ ಲಾರಿಯೋ ಬರೋವರೆಗೆ ಕಾಯ್ದು, ಅದರ ಹಿಂದೆ ಅಂತರ ಬಿಟ್ಟು ಹೋಗಿ.

ಬೇರೆ ಪ್ರಾಣಿಗಳು

• ಕಾಟಿ: ದೊಡ್ಡ ಗಂಡು ಒಂದು ಟನ್‌ವರೆಗೂ ತೂಗುತ್ತೆ. ಸುಮ್ಮನೆ ನಿಂತಿದ್ದದ್ದು ಗಾಬರಿಯಾದ್ರೆ ದಿಢೀರ್ ಅಂತ ಅಡ್ಡ ನುಗ್ಗುತ್ತೆ.
• ಜಿಂಕೆ, ಹಂದಿ: ಒಂದರ ಹಿಂದೆ ಇನ್ನೊಂದು ಬಂದೇ ಬರುತ್ತೆ. ಮೊದಲನೆಯದನ್ನ ತಪ್ಪಿಸಿ ಎರಡನೆಯದಕ್ಕೆ ಗುದ್ದಬೇಡಿ.
• ಕರಡಿ: ಮರಿಯನ್ನ ಬೆನ್ನ ಮೇಲೆ ಹೊತ್ತಿರುತ್ತೆ. ಕೆಳಗಿಳಿದ್ರೆ ಮೇಲೆ ಬೀಳುತ್ತೆ.
• ಚಿರತೆ, ಹುಲಿ: ಸಾಮಾನ್ಯವಾಗಿ ನಿಲ್ಲದೆ ದಾಟಿಹೋಗುತ್ವೆ. ಗ್ಲಾಸ್ ಏರಿಸಿ, ಗಾಡಿಯೊಳಗೇ ಇರಿ.

ಯಾವ ಪ್ರಾಣಿ ಅಡ್ಡ ಬಂದ್ರೂ ಸ್ಟೇರಿಂಗ್ ಜೋರಾಗಿ ಎಳೀಬೇಡಿ. ನೇರವಾಗಿ ಹಿಡಿದು ಬ್ರೇಕ್ ಒತ್ತಿ. ಘಾಟಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕ ಅನ್ನೋದು ನೆನಪಿರಲಿ.

ಆನೆಗೆ ರಸ್ತೆ ರುಚಿ ಹತ್ತಿಸಿದ್ದು ಯಾರು?

ಆಸನೂರು ಬಳಿಯ ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಆನೆಗಳು ಕಬ್ಬಿನ ಲಾರಿ ತಡೆದು ನಿಲ್ಲಿಸೋದನ್ನ ಈ ರಸ್ತೆಯಲ್ಲಿ ಓಡಾಡುವ ಎಲ್ಲರೂ ಬಲ್ಲರು. ಮಿತಿಗಿಂತ ಎತ್ತರಕ್ಕೆ ಹೇರಿದ ಕಬ್ಬನ್ನ ಅಲ್ಲಿ ಕಿತ್ತು ಬಿಸಾಡ್ತಾರೆ, ದಾರಿಯಲ್ಲೂ ಜಲ್ಲೆ ಉದುರುತ್ವೆ. ಕಾಡಲ್ಲಿ ಗಂಟೆಗಟ್ಟಲೆ ಮೇಯೋದಕ್ಕಿಂತ ರಸ್ತೆಯಲ್ಲಿ ನಿಂತ್ರೆ ಹೊಟ್ಟೆ ತುಂಬುತ್ತೆ ಅಂತ ಆನೆ ಕಲಿತಿದೆ. ತಾಯಿ ಕಲಿತದ್ದನ್ನ ಮರಿ ಕಲಿಯುತ್ತೆ. ಆಮೇಲೆ ಕಬ್ಬು ಇಲ್ಲದ ಆಟೋ, ಕಾರಿಗೂ ಸೊಂಡಿಲು ಚಾಚುತ್ತೆ.

ಆದ್ದರಿಂದ ಹಣ್ಣು, ತರಕಾರಿ, ಕಬ್ಬಿನ ಲೋಡಿಗೆ ಟಾರ್ಪಲ್ ಬಿಗಿಯಾಗಿ ಕಟ್ಟಿ. ಚೆಕ್‌ಪೋಸ್ಟ್ ಹತ್ತಿರದ ಅಂಗಡಿಯವರು ಕೋತಿಗೆ ಹಾಕೋಕೆ ಅಂತ ಬಾಳೆಹಣ್ಣು, ಕಡ್ಲೆಕಾಯಿ ಕೇಳಿದ್ರೆ ಬೇಡ ಅನ್ನಿ. ಹತ್ತು ರೂಪಾಯಿ ವ್ಯಾಪಾರಕ್ಕೆ ಕೋತಿ ರಸ್ತೆ ಮಧ್ಯೆ ಸಾಯುತ್ತೆ, ಅದನ್ನ ತಪ್ಪಿಸಲು ಹೋದ ಬೈಕ್ ಸವಾರನೂ ಬೀಳ್ತಾನೆ.

ಸೆಲ್ಫಿಗೆ ದಂಡ

ಅಭಯಾರಣ್ಯದಲ್ಲಿ ಪ್ರಾಣಿಗಳನ್ನ ಕೆಣಕೋದು, ಕಸ ಎಸೆಯೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳಿ ಬಳಿ ಆನೆ ಫೋಟೋಗೆ ಗಾಡಿ ಇಳಿದ ವ್ಯಕ್ತಿಯೊಬ್ಬರು ತುಳಿತಕ್ಕೆ ಸಿಕ್ಕಿ ಕೂದಲೆಳೆ ಅಂತರದಲ್ಲಿ ಬದುಕಿದರು. ಅರಣ್ಯ ಇಲಾಖೆ 25 ಸಾವಿರ ರೂ. ದಂಡ ಹಾಕಿತು.

ಡಿಕ್ಕಿ ಆಗಿಬಿಟ್ರೆ

ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಬೇಡಿ. ಹಜಾರ್ಡ್ ಲೈಟ್ ಹಾಕಿ ಹಿಂದಿನವರಿಗೆ ತಿಳಿಸಿ. ಸತ್ತ ಪ್ರಾಣಿಯನ್ನ ಮುಟ್ಟೋದು, ಮಾಂಸಕ್ಕೆ ಒಯ್ಯೋದು ಬೇಡ, ಜೈಲಾಗುತ್ತೆ. ಗಾಡಿ ರಿಪೇರಿಗೆ ವಿಮೆ ಬೇಕು ಅಂದ್ರೆ ಸ್ಥಳದ ಫೋಟೋ ಇರಲಿ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದವರಿಗೆ ಸ್ವಂತ ಗಾಡಿಯ ನಷ್ಟ ಸಿಗೋದಿಲ್ಲ.

ನಂಬರ್ ಸೇವ್ ಮಾಡಿಕೊಳ್ಳಿ

ಕರ್ನಾಟಕ ಅರಣ್ಯ ಇಲಾಖೆ ಸಹಾಯವಾಣಿ: 1926
ಪೊಲೀಸ್, ತುರ್ತು ನೆರವು: 112
ಆಂಬುಲೆನ್ಸ್: 108

ಕಾಡಿನೊಳಗೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ. ಸಿಗದಿದ್ರೆ ಎದುರು ಬರುವ ಗಾಡಿಯವರ ಹತ್ತಿರ ಮುಂದಿನ ಚೆಕ್‌ಪೋಸ್ಟ್‌ಗೆ ಹೇಳಿ ಕಳಿಸಿ.