ಎಡಬದಿಯ ಕಾವಲು

ನಮ್ಮ ಮಾಸ್ತಿಗೆ ಆ ಹೆಸರು ಬಂದದ್ದು ‘ಮಹಾಸತಿ’ ಎಂಬ ಮಾತಿನಿಂದ ಎಂದು ಹಿರಿಯರು ಹೇಳುತ್ತಾರೆ. ಕೋಲಾರದ ಸೀಮೆಯಲ್ಲಿ ಮಾಸ್ತಿಕಲ್ಲುಗಳೂ ಇವೆ, ವೀರಗಲ್ಲುಗಳೂ ಇವೆ. ಹೊಲದ ಬದುವಿನಲ್ಲೋ ಕೆರೆ ಏರಿಯ ಪಕ್ಕದಲ್ಲೋ ಅರ್ಧ ಮಣ್ಣಿನಲ್ಲಿ ಹೂತುಕೊಂಡು ನಿಂತಿರುತ್ತವೆ. ಇತಿಹಾಸದ ಪಾಠ ಮಾಡುವಾಗ ನಾನು ಮಕ್ಕಳಿಗೆ ಒಂದು ಮಾತು ಹೇಳುವುದುಂಟು. ಈ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಪರರ ಊರನ್ನು ಗೆದ್ದು ಬಂದವರವಲ್ಲ. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಮಡಿದವರವು. ಕಾಯ್ದವನಿಗೂ ಒಂದು ಕಲ್ಲು ಸಲ್ಲಬೇಕೆಂಬುದು ನಮ್ಮ ಹಳಬರಿಗೆ ಗೊತ್ತಿತ್ತು.

ಆಟದ ಚರಿತ್ರೆಗೆ ಈ ತಿಳಿವಳಿಕೆ ಕಡಿಮೆ. ಫುಟ್‌ಬಾಲಿನಲ್ಲಿ ಗೋಲು ಹೊಡೆದವನ ಹೆಸರು ಉಳಿಯುತ್ತದೆ, ತಡೆದವನ ಹೆಸರು ಮರೆಯುತ್ತದೆ. ತಂಡದ ಹಿಂಭಾಗದಲ್ಲಿ ಎಡಬದಿಯನ್ನು ಕಾಯುವವನಿಗೆ ಲೆಫ್ಟ್ ಬ್ಯಾಕ್ ಎನ್ನುತ್ತಾರೆ. ಆಟದ ತವರಾದ ಇಂಗ್ಲೆಂಡಿನಲ್ಲೂ ಬಹುಕಾಲ ಇವನು ತನ್ನ ಜಾಗ ಬಿಟ್ಟು ಹೆಚ್ಚು ಕದಲುತ್ತಿರಲಿಲ್ಲ. 1950ರ ದಶಕದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ನಾಯಕ ರೋಜರ್ ಬರ್ನ್ ಈ ರೂಢಿಯನ್ನು ಮುರಿದವರಲ್ಲಿ ಒಬ್ಬ. ಹಿಂದೆ ನಿಂತು ಕಾಯುವುದರ ಜೊತೆಗೆ, ಸಮಯ ನೋಡಿ ಚೆಂಡಿನೊಡನೆ ಮುಂದಕ್ಕೂ ನುಗ್ಗುತ್ತಿದ್ದ. ಇಂಗ್ಲೆಂಡಿನ ಪರವಾಗಿ ಸತತ 33 ಪಂದ್ಯಗಳನ್ನು ಆಡಿದ ಆತ 1958ರ ಫೆಬ್ರವರಿ 6ರಂದು ಮ್ಯೂನಿಕ್ ವಿಮಾನ ದುರಂತದಲ್ಲಿ ತೀರಿಕೊಂಡ. 29 ವರ್ಷ ತುಂಬಲು ಇನ್ನೆರಡು ದಿನ ಉಳಿದಿತ್ತು.

ಮುಂದೆ ಹೋಗಬೇಕು, ಚೆಂಡು ಕೈತಪ್ಪಿದರೆ ಅಷ್ಟೇ ಬೇಗ ಹಿಂದಕ್ಕೆ ಓಡಿಬಂದು ತನ್ನ ಜಾಗವನ್ನೂ ಕಾಯಬೇಕು. ಬೆಳಿಗ್ಗೆ ಅಡುಗೆ ಮುಗಿಸಿ ಬಸ್ಸು ಹಿಡಿದು, ಹೊರಗೆ ದುಡಿದು, ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುವ ನಮ್ಮಂಥ ಹೆಂಗಸರಿಗೆ ಈ ಕೆಲಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಈ ಜಾಗಕ್ಕೆ ಹೆಸರು ತಂದವರು ಶೈಲೇನ್ ಮನ್ನಾ. ಅವರು ಬಂಗಾಳದ ಹೌರಾದವರು. ಆದರೆ ಅವರ ಕಥೆಯನ್ನು ಹೇಳಹೊರಟರೆ ನಮ್ಮ ಬೆಂಗಳೂರಿನವರು ಹೆಜ್ಜೆಹೆಜ್ಜೆಗೂ ಎದುರಾಗುತ್ತಾರೆ. ಅದಕ್ಕೆ ಕಾರಣವಿದೆ. 1809ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ನೆಲೆಯೂರಿತು. ಮುಂದೆ ಸೋಲ್ಜರುಗಳು ಆಡುತ್ತಿದ್ದ ಫುಟ್‌ಬಾಲನ್ನು ನೋಡನೋಡುತ್ತಲೇ ದಂಡಿನ ಸುತ್ತಣ ಬೀದಿಗಳ ಹುಡುಗರು ಬರಿಗಾಲಿನಲ್ಲೇ ಕಲಿತರು. ಮುಂಬಯಿಯ ರೋವರ್ಸ್ ಕಪ್ಪನ್ನು ದಶಕಗಳ ಕಾಲ ಬಿಳಿಯರ ಪಲ್ಟನ್ನುಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅಂಥ ಬೆಂಗಳೂರಿನಲ್ಲಿ ಬೆಳೆದ ಹುಡುಗ ಅಹ್ಮದ್ ಖಾನ್.

ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮೊದಲೇ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ಆಟ ನಡೆದದ್ದು ಲಂಡನ್ನಿನ ಅಂಚಿನ ಇಲ್ಫರ್ಡ್ ಎಂಬಲ್ಲಿ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಮನ್ನಾ ಹಿಂದೆ ಎಡಬದಿಯಲ್ಲಿ. ಗೋಲಿನ ಮುಂದೆ ಬೆಂಗಳೂರಿನ ವರದರಾಜ್. ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಮೈಸೂರು ತಂಡದ ಸಾರಂಗಪಾಣಿ ರಾಮನ್ ಅದನ್ನು ಸಮ ಮಾಡಿದರು. ಕೊನೆಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಅವುಗಳಲ್ಲಿ ಒಂದನ್ನು ಒದ್ದವರು ಮನ್ನಾ. ದೂರದಿಂದ ಬಿರುಸಾಗಿ ಚೆಂಡು ಒದೆಯುವುದರಲ್ಲಿ ಅವರದು ದೊಡ್ಡ ಹೆಸರು. ಆ ನಂಬಿಕೆಯಿಂದಲೇ ಆ ಹೊಣೆ ಅವರ ಹೆಗಲಿಗೆ ಬಿದ್ದಿತ್ತು.

ಈಗಲೂ ಇಲ್ಫರ್ಡಿನ ಮಾತು ಬಂದಾಗ ರಾಮನ್ ಅವರ ಗೋಲನ್ನೂ ಮನ್ನಾ ಅವರ ತಪ್ಪಿದ ಒದೆತವನ್ನೂ ಎತ್ತುತ್ತಾರೆ. ಮಿಕ್ಕ ಹೊತ್ತೆಲ್ಲ ಆ ಎಡಬದಿಯನ್ನು ಅವರು ಕಾಯ್ದದ್ದನ್ನು ಎತ್ತುವವರು ಕಡಿಮೆ. ನೂರು ದಿನ ರುಚಿಯಾಗಿ ಉಂಡ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ಒಂದು ದಿನವನ್ನೇ ನೆನಪಿಟ್ಟುಕೊಳ್ಳುವ ಹಾಗೆ.

ಆಮೇಲೆ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅಲ್ಲಿಯ ಮುಂಚೂಣಿಯ ಐವರನ್ನು ಜನ ಪಂಚಪಾಂಡವರೆಂದೇ ಕರೆದರು. ಅವರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್, ಇಬ್ಬರೂ ಬೆಂಗಳೂರಿನವರು. ಮನ್ನಾ ಇದ್ದದ್ದು ಎದುರಾಳಿ ಮೋಹನ್ ಬಾಗಾನಿನಲ್ಲಿ. ಕಲ್ಕತ್ತೆಯಲ್ಲಿ ಇವರನ್ನು ತಡೆಯುವುದೇ ಅವರ ಕೆಲಸ. ದೇಶಕ್ಕಾಗಿ ಆಡುವಾಗ ಅದೇ ಅಹ್ಮದರ ಬೆನ್ನಿಗೆ ಎಡಬದಿಯಲ್ಲಿ ಅವರದೇ ಕಾವಲು.

1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ನಾಯಕ ಮನ್ನಾ, ತಂಡದಲ್ಲಿ ಅಹ್ಮದ್ ಖಾನ್. ಇಂಡೊನೇಷ್ಯಾ ಮೇಲೆ 3-0, ಆಫ್ಘಾನಿಸ್ತಾನದ ಮೇಲೆ 3-0, ಕೊನೆಗೆ ಇರಾನಿನ ಮೇಲೆ 1-0. ಚಿನ್ನದ ಪದಕ ಬಂತು. ಇರಾನಿನ ಮೇಲೆ ಗೋಲು ಹೊಡೆದ ಮೇವಾಲಾಲ್ ಅವರನ್ನು ಎಲ್ಲರೂ ಕೊಂಡಾಡಿದರು, ಅದು ನ್ಯಾಯವೇ. ಆದರೆ ಆ ಮೂರು ಸೊನ್ನೆಗಳನ್ನು ನೋಡಿ. ಮುಂದಿನವರು ಗಳಿಸಿದ್ದು ಏಳು. ಹಿಂದಿನವರು ಗಳಿಸಿದ್ದು ಈ ಸೊನ್ನೆಗಳನ್ನು.

ಮರುವರ್ಷ, 1952ರಲ್ಲಿ, ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ನಾಯಕ ಮನ್ನಾ ಅವರೇ. ನಮ್ಮ ಆ ಒಂದೇ ಗೋಲು ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಕನ್ನಡನಾಡಿನವರು ನಾವು ಅಹ್ಮದ್ ಖಾನ್ ಗೋಲನ್ನು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕು. ಹತ್ತು ಗೋಲುಗಳ ಭಾರವನ್ನು ಹೊತ್ತು ಮೈದಾನದಿಂದ ಹೊರನಡೆದ ನಾಯಕನನ್ನೂ ಅದರ ಜೊತೆಯಲ್ಲೇ ನೆನೆಯುವುದು ಒಳ್ಳೆಯದು. ಅದಾದ ಮೇಲೂ ಮನ್ನಾ ಆಟ ಬಿಡಲಿಲ್ಲ. 1942ರಲ್ಲಿ ಸೇರಿದ್ದ ಮೋಹನ್ ಬಾಗಾನಿಗಾಗಿ 1960ರವರೆಗೂ ಆಡಿದರು. 1971ರಲ್ಲಿ ಪದ್ಮಶ್ರೀ ಬಂತು. ಅವರು 2012ರಲ್ಲಿ ತೀರಿಕೊಂಡರು. ಅಹ್ಮದ್ ಖಾನ್ 2017ರಲ್ಲಿ, ಬೆಂಗಳೂರಿನಲ್ಲಿ.

ಇಂದಿನ ಲೆಫ್ಟ್ ಬ್ಯಾಕ್ ಬೂಟು ತೊಟ್ಟು, ಮೈದಾನದ ಈ ತುದಿಯಿಂದ ಆ ತುದಿಗೆ ಓಡುತ್ತಾನೆ. ಅವನಾದರೂ ಗೋಲು ಹೊಡೆದರೆ ಮಾತ್ರ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಇನ್ನು ಮೇಲೆ ಪಂದ್ಯದ ಅಂಕಿಯನ್ನು ಓದುವಾಗ ಗೆದ್ದವರ ಕಡೆಯ ಸಂಖ್ಯೆಯನ್ನಷ್ಟೇ ಓದಬೇಡಿ. ಸೋತವರ ಕಡೆ ಸೊನ್ನೆಯಿದ್ದರೆ ಒಂದು ಗಳಿಗೆ ನಿಂತು ನೋಡಿ. ಅದೂ ಯಾರೋ ಬೆವರು ಸುರಿಸಿ ಗಳಿಸಿದ್ದೇ.