ಹುಳಿ ಎಲೆಯ ಚರಿತ್ರೆ

ಕಾಡುಬಸಳೆಯ ಎಲೆಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟು ಮರೆತವರು ನಿಮ್ಮಲ್ಲಿ ಹಲವರಿರಬಹುದು. ಕೆಲವು ದಿನ ಕಳೆದು ತೆರೆದರೆ ಅಂಚಿನ ಕಚ್ಚುಗಳಲ್ಲಿ ಪುಟ್ಟ ಸಸಿಗಳು! ನೀರಿಲ್ಲ, ಮಣ್ಣಿಲ್ಲ. ಇದು ಹೇಗೆ ಸಾಧ್ಯವೆಂಬುದರ ಶೋಧದಲ್ಲಿ ಒಂದು ಎಳೆ ನಮ್ಮ ಬೆಂಗಳೂರಿಗೂ ತಾಗುತ್ತದೆ.

ಹೆಸರಲ್ಲಿ ಕಾಡಿದ್ದರೂ ಇದು ನಮ್ಮ ಕಾಡಿನದಲ್ಲ. ಬಸಳೆಯ ಬಂಧುವೂ ಅಲ್ಲ. ಇದರ ತವರು ಮಡಗಾಸ್ಕರ್. 1805ರಲ್ಲಿ ಇಂಗ್ಲೆಂಡಿನ ಸಾಲಿಸ್ಬರಿ ಇದನ್ನು ಬ್ರಯೋಫಿಲಮ್, ಅಂದರೆ ಚಿಗುರುವ ಎಲೆ, ಎಂದು ಕರೆದ. ಗಿಡದ ಅಂಗಗಳೆಲ್ಲ ಎಲೆಯ ರೂಪಾಂತರಗಳೆಂದು 1790ರಲ್ಲೇ ವಾದಿಸಿದ್ದ ಜರ್ಮನ್ ಕವಿ ಗಯಟೆ ಮುಪ್ಪಿನಲ್ಲಿ ಈ ಗಿಡಕ್ಕೆ ಮರುಳಾಗಿ, ಸಸಿಗಳನ್ನು ಗೆಳೆಯರಿಗೆ ಹಂಚುತ್ತಿದ್ದ.

ಆದರೆ ಎಲೆಯ ಗುಟ್ಟಿಗೆ ಮೊದಲ ಸುಳಿವು ಕೊಟ್ಟದ್ದು ನಾಲಿಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆಗೆ ವೈದ್ಯನಾಗಿ, ಸಸ್ಯಶಾಸ್ತ್ರಜ್ಞನಾಗಿ ಬಂದ ಬೆಂಜಮಿನ್ ಹೈನೆ ಲಾಲ್‌ಬಾಗಿನ ಉಸ್ತುವಾರಿಯನ್ನೂ ನೋಡಿಕೊಂಡಿದ್ದ. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ ಎಂದು ಅವನು ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಅದರ ಅರ್ಥ ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾದವು. ಈ ಎಲೆ ಹಗಲಲ್ಲಿ ತನ್ನ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಆಗ ಒಳಗೆಳೆದುಕೊಂಡ ಇಂಗಾಲಾಮ್ಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬಿಸಿಲು ಬಂದಾಗ ಅದರಿಂದ ಆಹಾರ ತಯಾರಿಸುತ್ತದೆ. ನೀರು ಹೆಚ್ಚು ಆವಿಯಾಗದು. ಹಾಗಾಗಿಯೇ ಕಿತ್ತ ಎಲೆಯೂ ವಾರಗಟ್ಟಲೆ ಬದುಕಿ ಮರಿಗಳನ್ನು ಸಾಕಬಲ್ಲದು. ಎಲೆ ದೊಡ್ಡದಾದಷ್ಟೂ ಮರಿಗಳ ತೂಕ ಹೆಚ್ಚೆಂದು ಅಮೆರಿಕದಲ್ಲಿ ಜಾಕ್ ಲೋಬ್ ತೂಗಿ ತೋರಿಸಿದ. ಅವನ ಪುಸ್ತಕ ಬಂದದ್ದು 1924ರಲ್ಲಿ.

ನೀವೂ ಮಾಡಿ ನೋಡಿ. ಬಲಿತ ಎಲೆಯನ್ನು ಮರಳು ಬೆರೆತ ತೇವದ ಮಣ್ಣಿನ ಮೇಲೆ ಮಲಗಿಸಿ, ಹೂಳಬೇಡಿ. ನೀರಾದರೆ ಅಂಚು ಮಾತ್ರ ತಾಗಲಿ. ಮುಳುಗಿದ ಎಲೆ ಕೊಳೆಯುತ್ತದೆ. (ಹಳದಿ ಅಂಚಿನ ಸರ್ಪಗಿಡದಲ್ಲಿ ಈ ಉಪಾಯ ನಡೆಯದು: ಎಲೆತುಂಡಿನಿಂದ ಹುಟ್ಟುವ ಮರಿ ಬರೀ ಹಸಿರು. ಅದನ್ನು ಬುಡ ಸೀಳಿಯೇ ಹೆಚ್ಚಿಸಬೇಕು.)

ಹೆಚ್ಚಾದ ಎಲೆಗಳನ್ನು ಹಿತ್ತಲಾಚೆ ಎಸೆಯಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಹವಾಯಿಯಲ್ಲಿ ಇದು ಕಳೆಯಾಗಿ ಹಬ್ಬಿದೆ. ಮೇಯ್ದ ದನಗಳ ಹೃದಯಕ್ಕೆ ವಿಷ. ಮೂತ್ರದ ಕಲ್ಲಿಗೆಂದು ಇದನ್ನು ನಿತ್ಯ ಅಗಿಯುವವರು ಒಮ್ಮೆ ವೈದ್ಯರನ್ನು ಕೇಳುವುದು ಒಳ್ಳೆಯದು. ಹೈನೆ ಸವಿದದ್ದು ರುಚಿ ನೋಡಲು ಮಾತ್ರ.