ಮಾಮೂಲಿಗೂ ರಸೀದಿ

ದುಬೈನ ದೇರಾ ಭಾಗದಲ್ಲಿ ಅಲ್ ಮುರಕ್ಕಬಾತ್ ಅಂತ ಒಂದು ರಸ್ತೆಯಿದೆ. ಸಿರಿಯಾ, ಲೆಬನಾನ್, ಪ್ಯಾಲೆಸ್ಟೀನ್, ಇರಾಕ್ ದೇಶಗಳ ಊಟ-ತಿಂಡಿಯ ಅಂಗಡಿಗಳು ಅಕ್ಕಪಕ್ಕ ಇರುವ ರಸ್ತೆ. ನಾಬ್ಲುಸ್ ಊರಿನ ಕುನಾಫಾ ಎಂಬ ಸಿಹಿಗೆ ಹೆಸರಾದ ಕ್ವೈದರ್ ಅಲ್ ನಾಬುಲ್ಸಿ ಅಂಗಡಿ ಇರುವುದೂ ಇಲ್ಲೇ. ರಂಜಾನ್ ಮುಗಿಯುತ್ತ ಬಂದಂತೆ ಇಲ್ಲಿಯ ಸಿಹಿ ಅಂಗಡಿಗಳ ಗಾಜಿನ ಕಪಾಟಿನ ತುಂಬ ಒಂದು ಬಿಸ್ಕತ್ತು ಬಂದು ಕೂರುತ್ತದೆ. ರವೆಯ ಮೈ, ಖರ್ಜೂರದ ಹೂರಣ, ಮೇಲೆ ಅಚ್ಚೊತ್ತಿದ ಚಿತ್ತಾರ. ಇದೇನು ಅಂತ ಕೇಳಿದರೆ ಅಂಗಡಿಯವನು ಮಾಮೂಲ್ ಅನ್ನುತ್ತಾನೆ.

ಪುತ್ತೂರು ಕಡೆಯ ಗೆಳೆಯನೊಬ್ಬನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂದು ಕಿಲೋ ತೂಗಿಸಿ, ದುಡ್ಡು ಕೊಟ್ಟು, ಬಿಲ್ಲು ಓದಿದವನೇ ನನ್ನ ಮುಖ ನೋಡಿದ. “ಅಲ್ಲ ಮಾರಾಯ, ಈ ಊರಲ್ಲಿ ಮಾಮೂಲಿಗೂ ರಸೀದಿ ಕೊಡ್ತಾರಾ? ಅದರ ಮೇಲೆ ವ್ಯಾಟ್ ಬೇರೆ!” 2018ರ ಜನವರಿ 1ರಿಂದ ಈ ದೇಶದಲ್ಲಿ 5 ಪರ್ಸೆಂಟ್ ವ್ಯಾಟ್ ಇದೆ. ಮಾಮೂಲಿಗೆ ವಿನಾಯಿತಿ ಇಲ್ಲ.

ಅವನು ತಮಾಷೆಗೆ ಹೇಳಿದ್ದು. ಆದರೆ ಇದು ಹೆಸರಿಗೆ ಹೆಸರು ತಾಳೆಯಾದ ಆಕಸ್ಮಿಕವಲ್ಲ. ಕಪಾಟಿನಲ್ಲಿರುವ ಮಾಮೂಲ್ ಮತ್ತು ನಮ್ಮ ಮಾಮೂಲು ಒಂದೇ ಶಬ್ದ. ಅರಬ್ಬರು ಮೊದಲಕ್ಷರದ ಬೆನ್ನಿಗೇ ಗಂಟಲಿನ ಆಳದಲ್ಲಿ ತಡೆದು ಉಚ್ಚರಿಸುತ್ತಾರೆ. ನಾವು ಆ ತಡೆಯನ್ನು ಬಿಟ್ಟು ‘ಮ’ಕ್ಕೆ ದೀರ್ಘ ಕೊಟ್ಟುಕೊಂಡಿದ್ದೇವೆ, ಅಷ್ಟೇ. ಅರ್ಥ ‘ಮಾಡಿದ್ದು’. ಅದು ಅಲ್ಲಿ ಹಬ್ಬದ ಬಿಸ್ಕತ್ತಾಗಿ, ಇಲ್ಲಿ ಫುಟ್‌ಪಾತಿನ ವಸೂಲಿಯಾಗಿ ಬೆಳೆದದ್ದು ಹೇಗೆ ಅನ್ನುವುದೇ ಸ್ವಾರಸ್ಯ.

ಮೊದಲು ತಿನ್ನುವ ಮಾಮೂಲಿನ ಕತೆ. ಸಣ್ಣ ರವೆಗೆ, ಕೆಲವರು ಒಂದಿಷ್ಟು ಮೈದಾ ಸೇರಿಸಿ, ಕರಗಿಸಿದ ಬೆಣ್ಣೆಯನ್ನೋ ತುಪ್ಪವನ್ನೋ ಹಾಕಿ ಕೈಯಲ್ಲಿ ತಿಕ್ಕುತ್ತಾರೆ. ರವೆಯ ಒಂದೊಂದು ಕಾಳಿಗೂ ಜಿಡ್ಡು ಹಿಡಿಯಬೇಕು. ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಗುಲಾಬಿ ನೀರು ಅಥವಾ ಕಿತ್ತಳೆ ಹೂವಿನ ನೀರು ಚಿಮುಕಿಸಿ, ಹೆಚ್ಚು ನಾದದೆ ಕಲಸುತ್ತಾರೆ. ಪರಿಮಳಕ್ಕೆ ಮಹ್ಲಬ್, ಅಂದರೆ ಕಾಡು ಚೆರ್ರಿಯ ಬೀಜದ ತಿರುಳಿನ ಪುಡಿ. ಒಳಗೆ ಖರ್ಜೂರ, ಇಲ್ಲವೇ ಸಕ್ಕರೆ ಬೆರೆಸಿದ ಅಕ್ರೋಟು ಅಥವಾ ಪಿಸ್ತಾ. ಆಮೇಲೆ ಅಚ್ಚಿನ ಕೆಲಸ. ಹಿಡಿಯಿರುವ ಮರದ ಅಚ್ಚು, ಅದರಲ್ಲಿ ಕೆತ್ತಿದ ಗುಳಿ. ಉಂಡೆಯನ್ನು ಗುಳಿಗೆ ಒತ್ತಿ, ಅಚ್ಚನ್ನು ತಲೆಕೆಳಗು ಮಾಡಿ ಮೇಜಿನ ಅಂಚಿಗೆ ಟಪ್ಪೆಂದು ಬಡಿದರೆ ಮಾಮೂಲ್ ಅಂಗೈಗೆ ಬೀಳುತ್ತದೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಯವರಿಗೆ ಆ ಮರದ ತುಂಡನ್ನು ಕಂಡರೆ ಇದರ ಕೆಲಸ ಏನೆಂದು ಯಾರೂ ಹೇಳಬೇಕಾಗಿಲ್ಲ.

ಅಚ್ಚು ಅಂದಕ್ಕಷ್ಟೇ ಅಲ್ಲ, ಗುರುತಿಗೂ ಹೌದು. ಸಾಮಾನ್ಯವಾಗಿ ಚಪ್ಪಟೆ ದುಂಡಗಿನದು ಖರ್ಜೂರದ್ದು, ಉಬ್ಬಿದ ದುಂಡಗಿನದು ಅಕ್ರೋಟಿನದು, ಉದ್ದನೆಯದು ಪಿಸ್ತಾದ್ದು. ಕಚ್ಚಿ ನೋಡುವ ಮೊದಲೇ ಒಳಗೇನಿದೆ ಅಂತ ಗೊತ್ತಾಗುತ್ತದೆ. ಈದ್‌ಗೆ ಮುಸ್ಲಿಮರ ಮನೆಯಲ್ಲಿ, ಈಸ್ಟರಿಗೆ ಸಿರಿಯಾ-ಲೆಬನಾನಿನ ಕ್ರೈಸ್ತರ ಮನೆಯಲ್ಲಿ ಇದೇ ತಿಂಡಿ. ಹಬ್ಬಕ್ಕೆ ಮುಂಚೆ ಮನೆಯ ಹೆಂಗಸರು, ನೆರೆಯವರು ಒಟ್ಟಿಗೆ ಕೂತು ನೂರಾರು ಮಾಡುವುದು ರೂಢಿ.

ಇಷ್ಟು ಚಂದದ ತಿಂಡಿಗೆ ‘ಮಾಡಿದ್ದು’ ಅನ್ನುವ ಇಷ್ಟು ಸಪ್ಪೆ ಹೆಸರೇ? ಲೋಕದ ಬಿಸ್ಕತ್ತುಗಳಿಗೆಲ್ಲ ಹೆಸರಿನ ಡೌಲು ಇದೆ. ಮಾರಿ ಬಿಸ್ಕತ್ತಿಗೆ ರಷ್ಯಾದ ರಾಜಕುಮಾರಿ ಮರಿಯಾಳ ಹೆಸರು. 1874ರಲ್ಲಿ ಆಕೆ ವಿಕ್ಟೋರಿಯಾ ರಾಣಿಯ ಮಗನನ್ನು ಮದುವೆಯಾದಾಗ ಲಂಡನ್ನಿನ ಪೀಕ್ ಫ್ರೀನ್ ಕಂಪನಿ ಹುಟ್ಟಿಸಿದ್ದು ಅದು. ಅದೇ ಕಂಪನಿಯ ಇನ್ನೊಂದು ಬಿಸ್ಕತ್ತು ಇಟಲಿಯ ಗರಿಬಾಲ್ಡಿಯ ಹೆಸರು ಹೊತ್ತಿದೆ. ಹೈದರಾಬಾದಿನ ಉಸ್ಮಾನಿಯಾ ನಿಜಾಮರ ಹೆಸರಿನದು. ನಾನ್‌ಖಟಾಯಿಯ ಖತಾಯ್ ಅಂದರೆ ಪಾರಸಿಯಲ್ಲಿ ಚೀನಾ ದೇಶ. ಬಿಸ್ಕತ್ತು ಅನ್ನುವ ಶಬ್ದ ಲ್ಯಾಟಿನ್ನಿನಲ್ಲಿ ‘ಎರಡು ಸಲ ಬೇಯಿಸಿದ್ದು’. ಕುಕ್ಕಿ ಡಚ್ಚರ ‘ಪುಟ್ಟ ಕೇಕು’. ಮಾಮೂಲ್ ಮಾತ್ರ ರಾಜರ ಹೆಸರನ್ನೂ ಊರಿನ ಹೆಸರನ್ನೂ ಕೇಳದೆ, ಕೈ ಮಾಡಿದ್ದು ಅಂತಷ್ಟೇ ಹೇಳಿ ಸುಮ್ಮನಾಗುತ್ತದೆ. ನಾವು ತಿನ್ನುವುದಕ್ಕೆ ತಿಂಡಿ ಅಂತ ಕರೆದು ಮುಗಿಸಿದ ಹಾಗೆ.

ಈಗ ಆಫೀಸಿನ ಮಾಮೂಲು. ಅರಬ್ಬಿ ವ್ಯಾಕರಣದಲ್ಲೂ ಅಚ್ಚುಗಳಿವೆ. ಮೂರು ವ್ಯಂಜನಗಳ ಧಾತುವನ್ನು ಒಂದು ಅಚ್ಚಿಗೆ ಒತ್ತಿದರೆ ‘ಮಾಡುವವನು’, ಇನ್ನೊಂದಕ್ಕೆ ಒತ್ತಿದರೆ ‘ಮಾಡಿದ್ದು’ ಬರುತ್ತದೆ. ಮುಂದೆ ‘ಮ’, ನಡುವೆ ‘ಊ’ ಇರುವುದು ಈ ಎರಡನೆಯ ಅಚ್ಚು. ನಮ್ಮ ತಾಲ್ಲೂಕು ಕಚೇರಿಯೊಳಗೆ ಹೋಗಿ ನಿಂತರೆ ಈ ಅಚ್ಚಿನ ಸರಕೇ ಕಿವಿಗೆ ಬೀಳುತ್ತದೆ. ಮಂಜೂರು ಅಂದರೆ ಮೂಲದಲ್ಲಿ ‘ನೋಡಿದ್ದು’. ನೋಟ ಅನ್ನುವ ಅರ್ಥದ ನಜರು ಅದರ ಒಡಹುಟ್ಟಿದ್ದು. ಮಹಸೂಲು ಅಂದರೆ ‘ಹುಟ್ಟುವಳಿಯಾಗಿ ಬಂದದ್ದು’. ತಹಸೀಲು, ತಹಸೀಲ್ದಾರ ಅದೇ ಧಾತುವಿನವು. ಮಜಬೂತು ಅಂದರೆ ‘ಬಿಗಿಹಿಡಿದದ್ದು’. ಆ ಧಾತುವಿನ ಇನ್ನೊಂದು ಕೂಸು ಜಪ್ತಿ. ಮಂಜೂರು, ಮಹಸೂಲು, ಮಜಬೂತು, ಮಾಮೂಲು ನಾಲ್ಕೂ ಒಂದೇ ಗುಳಿಯಿಂದ ಬಿದ್ದವು. ಮೊದಲನೆಯದು ಆಗಬೇಕಾದರೆ ಕೊನೆಯದು ಬೇಕು ಅನ್ನುವ ಅನುಭವ ಮಾತ್ರ ವ್ಯಾಕರಣಕ್ಕೆ ಸಂಬಂಧಿಸಿದ್ದಲ್ಲ.

‘ಮಾಡು’ ಅನ್ನುವ ಆ ಧಾತುವೂ ನಮ್ಮಲ್ಲಿ ದೊಡ್ಡ ಸಂಸಾರ ಹೂಡಿದೆ. ಅಮಲು ಅಂದರೆ ಅಧಿಕಾರ. ಆದ್ದರಿಂದ ಹಳೇ ಮೈಸೂರಿನಲ್ಲಿ ತಾಲ್ಲೂಕಿನ ದೊರೆ ಅಮಲ್ದಾರ. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿಗಳಲ್ಲಿ ಅದೇ ಕುರ್ಚಿಯಲ್ಲಿ ಕೂತವನು ಮಾಮಲೇದಾರ. ಅದೂ ಇದೇ ಧಾತುವಿನ ಇನ್ನೊಂದು ರೂಪ. ನೆತ್ತಿಗೇರುವ ಅಮಲೂ ಈ ಮನೆಯದ್ದೇ. ಬಹಮನಿ ಸುಲ್ತಾನರಿಂದ ಆದಿಲ್‌ಶಾಹಿ, ಹೈದರ್-ಟಿಪ್ಪುವರೆಗೆ ಕಚೇರಿಯಲ್ಲಿ ಪಾರಸಿ ನಡೆಯಿತು. ಅದರ ಹೆಗಲೇರಿ ಅರಬ್ಬಿ ಶಬ್ದಗಳು ಕನ್ನಡಕ್ಕೆ ಬಂದವು. ಬ್ರಿಟಿಷರು ಬಂದಾಗ ದೊರೆ ಬದಲಾದರೂ ದಫ್ತರದ ಮಾತು ಬದಲಾಗಲಿಲ್ಲ. ಯೂಲ್ ಮತ್ತು ಬರ್ನೆಲ್ ಸೇರಿ ಮಾಡಿದ, 1886ರಲ್ಲಿ ಅಚ್ಚಾದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಮಾಮೂಲಿಗೂ ಒಂದು ನಮೂದಿದೆ. ಅರ್ಥ: ರೂಢಿ, ವಾಡಿಕೆ. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಕೂಡಿಹಾಕಿದ ಬರ್ನೆಲ್ಲನೇ ಇವನು.

ಅಂದರೆ ‘ಮಾಡಿದ್ದು’ ಮೊದಲು ‘ಮಾಡುತ್ತ ಬಂದದ್ದು’ ಆಯಿತು. ಆ ಅರ್ಥದಲ್ಲಿ ಮಾಮೂಲು ಮರ್ಯಾದಸ್ಥ ಶಬ್ದ. ಜಮೀನಿನ ವ್ಯಾಜ್ಯದಲ್ಲಿ ‘ಮಾಮೂಲು ದಾರಿ’ ಅಂದರೆ ತಲೆತಲಾಂತರದಿಂದ ಜನ, ದನ ನಡೆದ ದಾರಿ. ಅದನ್ನು ಬೇಲಿ ಹಾಕಿ ಮುಚ್ಚಿದವನ ಮೇಲೆ ಊರೇ ತಿರುಗಿ ಬೀಳುತ್ತದೆ. ಅಲ್ಲಿಂದ ಸವೆದು ಸವೆದು ಅದು ‘ದಿನದ ಹಾಗೆ’ ಆಯಿತು. ಹೋಟೆಲಿನಲ್ಲಿ ಖಾಯಂ ಗಿರಾಕಿ “ಮಾಮೂಲು” ಅಂದರೆ ಸಾಕು, ಸಪ್ಲೈಯರ್ ಎರಡು ಇಡ್ಲಿ, ಒಂದು ವಡೆ ತಂದಿಡುತ್ತಾನೆ. “ಏನಪ್ಪಾ ಸಮಾಚಾರ?” “ಮಾಮೂಲು.” ದುಬೈಯಿಂದ ವಾರಕ್ಕೊಮ್ಮೆ ಮನೆಗೆ ಫೋನ್ ಮಾಡುವ ನಮ್ಮವರಿಗೆ ಈ ಉತ್ತರಕ್ಕಿಂತ ನೆಮ್ಮದಿ ಇನ್ನೊಂದಿಲ್ಲ. ಅಪ್ಪನ ಬಿ.ಪಿ. ಮಾಮೂಲು, ಮಳೆ ಮಾಮೂಲು, ಕರೆಂಟು ಹೋಗುವುದೂ ಮಾಮೂಲು ಅಂದರೆ ಊರು ಸರಿಯಾಗಿದೆ ಅಂತ ಲೆಕ್ಕ. ಇದಕ್ಕೊಂದು ‘ಇ’ ಅಂಟಿಸಿದರೆ ಬೆಲೆ ಇಳಿಯುತ್ತದೆ: ಮಾಮೂಲಿ ಸೀರೆ, ಮಾಮೂಲಿ ಜ್ವರ. “ಮಾಮೂಲಿ ಆಸಾಮಿ ಅಲ್ಲ ಕಣಯ್ಯ ಅವನು” ಅಂದರೆ ಮಾತ್ರ ಬೆಲೆ ಏರುತ್ತದೆ, ಜತೆಗೆ ಸ್ವಲ್ಪ ಭಯವೂ.

ಕೊನೆಯದು ಕುಖ್ಯಾತ ಅರ್ಥ. ಹಬ್ಬಕ್ಕೆ ಪೋಸ್ಟ್‌ಮ್ಯಾನಿಗೆ, ಕಸ ಗುಡಿಸುವವರಿಗೆ ಪ್ರೀತಿಯಿಂದ ಕೊಡುತ್ತಿದ್ದದ್ದೂ ಮಾಮೂಲೇ. ಕೊಡುವವನ ಪ್ರೀತಿ ತೆಗೆದುಕೊಳ್ಳುವವನ ಹಕ್ಕಾದಾಗ ಅದೇ ಶಬ್ದ ಬೀದಿಬದಿ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಿತು. ಇದನ್ನೂ ಲಂಚವನ್ನೂ ಒಂದೇ ಅಂದುಕೊಳ್ಳುವವರು ಕೊಟ್ಟು ಗೊತ್ತಿಲ್ಲದವರು. ಲಂಚ ಕೊಡುವುದು ಏನಾದರೂ ಆಗಲಿ ಅಂತ. ಮಾಮೂಲು ಕೊಡುವುದು ಏನೂ ಆಗದಿರಲಿ ಅಂತ. ಲಂಚಕ್ಕೆ ಚೌಕಾಶಿಯಿದೆ, ಮೇಜಿನ ಕೆಳಗಿನ ನಾಚಿಕೆಯಿದೆ. ಮಾಮೂಲಿಗೆ ವಾರವಿದೆ, ತಾರೀಖಿದೆ, ನಾಚಿಕೆಯಿಲ್ಲ. ಈಗಿರುವ ಭ್ರಷ್ಟಾಚಾರ ತಡೆ ಕಾಯ್ದೆ ಬಂದದ್ದು 1988ರಲ್ಲಿ, ನಮ್ಮ ಲೋಕಾಯುಕ್ತ ಕಾಯ್ದೆ 1984ರದ್ದು. ಆದರೂ ಕೊಡುವವನ ಬಾಯಲ್ಲಿ ಆ ದುಡ್ಡು ಭ್ರಷ್ಟಾಚಾರವಾಗಲಿಲ್ಲ, ಮಾಮೂಲಾಗಿಯೇ ಉಳಿಯಿತು.

ಈ ಶಬ್ದಕ್ಕೆ ಎಷ್ಟು ಮುಖ ಅನ್ನುವುದನ್ನು ಮುರಕ್ಕಬಾತಿನ ಅಂಗಡಿಯ ಸಾಲಿನಲ್ಲಿ ನಿಂತು ನೋಡಬೇಕು. ಸಿರಿಯಾದವನು ಮಾಮೂಲ್ ಅಂದಾಗ ಅವನ ನಾಲಗೆಗೆ ಖರ್ಜೂರ ಬರುತ್ತದೆ. ಹಿಂದೆ ನಿಂತ ಪಾಕಿಸ್ತಾನಿಗೆ ಅದು ದಿನಚರಿ. ಮಲಯಾಳಿಗೆ ಹಳೆಯ ಕಟ್ಟುಪಾಡು. ತಮಿಳನಿಗೂ ತೆಲುಗನಿಗೂ ನಮಗೂ ಕಾಣುವುದು ಮಾತ್ರ ಒಬ್ಬನೇ ಮನುಷ್ಯ, ಕೈ ಚಾಚಿ ನಿಂತವನು. ದಕ್ಷಿಣದ ಮೂರು ಭಾಷೆಗಳು ಮಾತಾಡಿಕೊಳ್ಳದೆಯೂ ಒಂದೇ ಅರ್ಥಕ್ಕೆ ಬಂದು ಮುಟ್ಟಿದ್ದಕ್ಕೆ ಕಾರಣ ಶಬ್ದದಲ್ಲಿ ಇಲ್ಲ, ನಮ್ಮ ಕಚೇರಿಗಳಲ್ಲಿದೆ.

ಆದರೆ ಶಬ್ದವೂ ಪೂರ್ತಿ ನಿರಪರಾಧಿಯಲ್ಲ. ‘ಮಾಡಿದ್ದು’ ಅನ್ನುವ ಈ ಅಚ್ಚಿನಲ್ಲಿ ಮಾಡಿದವರ ಹೆಸರಿಗೆ ಜಾಗವಿಲ್ಲ. ಕರ್ಮಣಿ ಪ್ರಯೋಗಕ್ಕೆ ಅರಬ್ಬಿ ವ್ಯಾಕರಣಕಾರರು ಇಟ್ಟ ಹೆಸರಲ್ಲೇ ‘ಮಜ್‌ಹೂಲ್’ ಅನ್ನುವ ಮಾತಿದೆ; ‘ಗೊತ್ತಿಲ್ಲದವನು’ ಅಂತ ಅರ್ಥ. ಬಿಸ್ಕತ್ತಿನ ಮಟ್ಟಿಗೆ ಇದರಿಂದ ನಷ್ಟವಿಲ್ಲ. ಈದ್‌ನ ದಿನ ತಟ್ಟೆ ಮುಂದಿಟ್ಟರೆ ಇದು ಯಾರ ಕೈಯದು ಅಂತ ಕೇಳುತ್ತಾರೆ, ಮನೆಯವರು ಹೆಮ್ಮೆಯಿಂದ ಹೆಸರು ಹೇಳುತ್ತಾರೆ. ನಮ್ಮ ಮಾಮೂಲಿಗೆ ಈ ಮಜ್‌ಹೂಲನೇ ಬಂಡವಾಳ. ಯಾರು ಶುರು ಮಾಡಿದರು, ಯಾರು ಇಷ್ಟು ಅಂತ ಗೊತ್ತುಮಾಡಿದರು, ಯಾರ ತನಕ ಹೋಗುತ್ತದೆ ಅಂತ ಕೇಳಿ ನೋಡಿ. “ಮೊದಲಿಂದ ಇದೆ ಸ್ವಾಮಿ, ಮಾಮೂಲು” ಅನ್ನುತ್ತಾರೆ. ತೆಗೆದುಕೊಳ್ಳುವವನೂ ಅದನ್ನೇ ಹೇಳುತ್ತಾನೆ, ಕೊಡುವವನೂ ಅದನ್ನೇ.

ಬಿಸ್ಕತ್ತಿನ ತಟ್ಟೆಯ ಎದುರು ಕೇಳುವ ಪ್ರಶ್ನೆಯನ್ನೇ ಅಲ್ಲಿಯೂ ಕೇಳುವುದು ವಾಸಿ: ಇದು ಯಾರ ಕೈಯದು? ಹೆಸರು ಬಾರದೇ ಇದ್ದರೆ, ನನ್ನ ಗೆಳೆಯ ಕೇಳಿದ ಹಾಗೆ ಒಂದು ರಸೀದಿಯನ್ನಾದರೂ ಕೇಳಬಹುದು.